ಊಟ ಆಯ್ತಾ ಎಂದು ಕೇಳಿದ ಸರ್

ಮಗಳು ಮೊಬೈಲ್ ಹಿಡಿದು ಕೂತರೆ ತಾಯಿಗೆ ಮೈಯೆಲ್ಲ ಉರಿ. ಓದುತ್ತಿದ್ದೇನೆ ಎಂದರೆ ನಂಬಿಕೆ ಇಲ್ಲ, ಸುಮ್ಮನೆ ನೋಡುತ್ತಿದ್ದೇನೆ ಎಂದರಂತೂ ಮುಗಿಯಿತು. ನಿಮ್ಮ ಮನೆಯಲ್ಲೂ ಈ ಗಲಾಟೆ ಇರಬಹುದು. ಬೀದಿ ತಿರುವಿನ ಬೇಕರಿಯಲ್ಲಂತೂ ದಿನ ಬೆಳಗಾದರೆ ಇತ್ತು.

ಆ ಬೇಕರಿ ನಡೆಸುವವಳನ್ನು ಎಲ್ಲರೂ ಬೇಕರಿ ಅಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಿಟ್ಟು ನಾದುವುದು, ಬ್ರೆಡ್ಡು ಬೇಯಿಸುವುದು, ಗಿರಾಕಿಗಳನ್ನು ಬೈಯುವುದು, ಬೈಸಿಕೊಂಡವರಿಗೇ ಒಂದು ಬನ್ನು ಹೆಚ್ಚಿಗೆ ಕೊಟ್ಟು ಸಮಾಧಾನ ಮಾಡುವುದು, ಎಲ್ಲವೂ ಅವಳದೇ. ಇರುವವಳು ಒಬ್ಬಳೇ ಮಗಳು, ಪುಟ್ಟಿ. ಹೆಸರಿಗೆ ಪುಟ್ಟಿ, ಎತ್ತರದಲ್ಲಿ ಅಮ್ಮನಿಗಿಂತ ಒಂದು ಗೇಣು ಜಾಸ್ತಿ. ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದಳು.

"ಏನೇ ಅದು, ಹೊತ್ತಿಲ್ಲ ಗೊತ್ತಿಲ್ಲ, ಅದನ್ನೇ ನೋಡ್ತಿದ್ದೀಯ?"

"ಪಾಠ ಅಮ್ಮ. ಷೇರುಪೇಟೆ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಇದೆಯಲ್ಲ, ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಪಾಠ ಇಟ್ಟಿದ್ದಾರೆ. ಉಳಿತಾಯ ಅಂದ್ರೇನು, ಹೂಡಿಕೆ ಅಂದ್ರೇನು, ಎಲ್ಲಿ ಎಷ್ಟು ಅಪಾಯ ಅಂತ."

"ಪುಕ್ಕಟೆ ಯಾರು ಕೊಡ್ತಾರೆ ಈ ಕಾಲದಲ್ಲಿ? ನಾನು ನಿನ್ನೆಯ ಬನ್ನನ್ನೇ ಪುಕ್ಕಟೆ ಕೊಡಲ್ಲ."

ಅಮ್ಮ ಬಗ್ಗಿ ನೋಡಿದಳು. ಕನ್ನಡಕದ ಮೇಷ್ಟರೊಬ್ಬರು ತಲೆ ಎತ್ತದೆ ಒಂದೇ ರಾಗದಲ್ಲಿ ಓದುತ್ತಿದ್ದರು. "ಇವರ ಪಾಠ ಕೇಳಿದ್ರೆ ನನ್ನ ಹಿಟ್ಟೂ ನಿದ್ದೆ ಹೋಗುತ್ತೆ ಕಣೇ, ಉಬ್ಬೋದೇ ಇಲ್ಲ," ಎಂದು ಒಲೆಯ ಕಡೆ ನಡೆದಳು. ಪುಟ್ಟಿ ನಕ್ಕಳು, ಕಿವಿಗೆ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಬೇಕರಿ ಅಮ್ಮನಿಗೆ ಒಂದು ಅಭ್ಯಾಸವಿತ್ತು. ಸಾಲ ಕೊಡುವಾಗ ಅವಳು ಜೇಬು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ನಯವಾಗಿ ಮಾತಾಡಿಸಿದವರಿಗೆ ಬ್ರೆಡ್ಡು ಸಾಲವಾಗಿ ಸಿಗುತ್ತಿತ್ತು, ಗುರ್ ಎಂದವರಿಗೆ ದುಡ್ಡು ಕೊಟ್ಟರೂ ಕಾಯಿಸಿ ಕಾಯಿಸಿ ಕೊಡುತ್ತಿದ್ದಳು. ಹೀಗೆ ಮಾಡಿ ಅವಳು ದೊಡ್ಡ ಮೋಸ ಹೋದದ್ದೂ ಇಲ್ಲ. ಬ್ರೆಡ್ಡಿನ ಸಾಲ ಎಷ್ಟೆಂದರೂ ಬ್ರೆಡ್ಡಿನಷ್ಟೇ ತಾನೇ.

ಇಂಥವಳ ಮೊಬೈಲಿಗೆ ಒಂದು ದಿನ ಯಾರೋ ಸರ್ ಬಂದರು. ಯಾವುದೋ ಗುಂಪಿಗೆ ಯಾರೋ ಸೇರಿಸಿದ್ದರು, ಅಲ್ಲಿಂದ ಇವಳಿಗೆ ಪ್ರತ್ಯೇಕವಾಗಿ ಸಂದೇಶ. "ಅಮ್ಮಾ, ನಮಸ್ಕಾರ. ಊಟ ಆಯ್ತಾ?" ಅಮ್ಮ ತನ್ನ ಬೇಕರಿಯ ಸುದ್ದಿ ಬರೆದಳು. ಮಾರನೆಯ ದಿನವೂ ಬಂತು. "ಅಮ್ಮಾ, ಒಲೆ ಮುಂದೆ ನಿಂತು ಸುಸ್ತಾಗಿರುತ್ತೆ, ನೀರು ಕುಡೀರಿ." ಅಮ್ಮ ಸಾಮಾನ್ಯವಾಗಿ ನಿಂತುಕೊಂಡೇ ಊಟ ಮಾಡುವವಳು, ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಒಲೆಯ ಮೇಲೆ. ಸರ್ ಹಾಗೆ ಕೇಳಲು ಶುರುಮಾಡಿದ ಮೇಲೆ ಕೂತು ಉಣ್ಣತೊಡಗಿದಳು.

ಆಮೇಲೆ ಸರ್ ವಿಷಯಕ್ಕೆ ಬಂದರು. ಅವರು ಒಂದು ಹೂಡಿಕೆ ಸಲಹೆಯ ಕಂಪನಿಯವರಂತೆ, ವಿದ್ಯಾರ್ಥಿಗಳಿಗೆ ಹೂಡಿಕೆ ಕಲಿಸುವ ತರಗತಿಯಂತೆ. ಮಗಳನ್ನು ಸೇರಿಸಬಹುದಂತೆ. ಜೊತೆಗೆ ಒಂದಷ್ಟು ನಿಜವಾದ ಹಣ ಹಾಕಿದರೆ ಅವರೇ ಕೈಹಿಡಿದು ವ್ಯವಹಾರ ಮಾಡಿಸುತ್ತಾರಂತೆ, ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ, ತಿಂಗಳು ತಿಂಗಳು ಲಾಭ ಖಾತ್ರಿಯಂತೆ.

ಅಮ್ಮನ ಬಳಿ ಹಣವಿತ್ತು, ಹೊಸ ಒಲೆಗೆಂದು ಕೂಡಿಟ್ಟದ್ದು. ಹಳೆಯ ಒಲೆ ಒಂದು ಕಡೆ ಕರಿ ಮಾಡುತ್ತಿತ್ತು, ಇನ್ನೊಂದು ಕಡೆ ಹಸಿ ಬಿಡುತ್ತಿತ್ತು. ಸುಡುವ ತಟ್ಟೆಗಳನ್ನು ನಡುನಡುವೆ ತಿರುಗಿಸಿ ತಿರುಗಿಸಿ ಅವಳ ಮುಂಗೈ ತುಂಬ ಬೊಬ್ಬೆ. ಆ ಹಣ ಹೋದರೆ ಮತ್ತೆ ಅಷ್ಟು ಕೂಡಿಸುವ ವಯಸ್ಸೂ ಇಲ್ಲ, ಶಕ್ತಿಯೂ ಇಲ್ಲ.

ಸಂಜೆ ಸಂಭ್ರಮದಿಂದ ಮಗಳಿಗೆ ಹೇಳಿದಳು. ಪುಟ್ಟಿಯ ಮುಖ ಬಿಳಿಚಿಕೊಂಡಿತು.

"ಲಾಭ ಖಾತ್ರಿ ಅಂತ ಯಾರೂ ಹೇಳೋ ಹಾಗೇ ಇಲ್ಲ ಅಮ್ಮ! ಮೊದಲನೇ ಪಾಠದಲ್ಲೇ ಹೇಳ್ತಾರೆ."

"ನಿನ್ನ ಕನ್ನಡಕದ ಮೇಷ್ಟರು ಒಂದು ದಿನ ಆದ್ರೂ ನಿನ್ನ ಮುಖ ನೋಡಿ ಮಾತಾಡಿದಾರಾ? ಈ ಸರ್ ಎಷ್ಟು ಒಳ್ಳೆಯವರು ಗೊತ್ತಾ?"

"ನಿನಗೆ ಇದೆಲ್ಲ ಅರ್ಥ ಆಗಲ್ಲ. ಸುಮ್ನಿರು!"

ಮಾತು ಬಾಯಿಂದ ಜಾರಿಬಿಟ್ಟಿತು. ಅಮ್ಮ ಎದ್ದು ನಾಳೆಯ ಹಿಟ್ಟು ನಾದಲು ಹೋದಳು. ಜಗಳವಾಡುವ ಅಮ್ಮ ಸುಮ್ಮನಾದರೆ ಮನೆಯಲ್ಲಿ ಉಸಿರಾಡುವುದೇ ಕಷ್ಟ.

ಬೆಳಿಗ್ಗೆ ಕಾಲೇಜಿನ ಲೈಬ್ರರಿ ಮೇಡಂ ಎಂದಿನಂತೆ ಬ್ರೆಡ್ಡಿಗೆ ಬಂದರು. ಪುಟ್ಟಿಗೆ ಆ ಪಾಠಗಳ ದಾರಿ ತೋರಿಸಿದವರು ಅವರೇ. ಅಮ್ಮ ಅವರ ಮುಂದೆ ಎಲ್ಲವನ್ನೂ ತೋಡಿಕೊಂಡಳು.

"ಹಣ ಕಳಿಸಿಬಿಟ್ರಾ?" ಎಂದರು ಮೇಡಂ.

"ಇಲ್ಲ, ಮಧ್ಯಾಹ್ನ ಕಳಿಸಬೇಕು. ನೀವೂ ಅವರನ್ನ ಕಳ್ಳ ಅಂತೀರಾ?"

"ನೋಡದೆ ನಾನ್ಯಾಕೆ ಅನ್ನಲಿ? ಇಂಥದ್ದರಲ್ಲಿ ಹಣ ಹಾಕಿ ಅಂತ ಸಲಹೆ ಕೊಡೋರು ಸರ್ಕಾರದ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿರಬೇಕು. ಅವರ ನೋಂದಣಿ ನಂಬರ್ ಕೇಳಿ, ನೋಡೋಣ."

ಅಮ್ಮ ಸರ್‌ಗೆ ಬರೆದು ಕೇಳಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಂಬರ್ ಬಂತು. ಪುಟ್ಟಿ ಹಿಟ್ಟಿನ ಕೈಯಲ್ಲೇ ಸಂಸ್ಥೆಯ ವೆಬ್‌ಸೈಟ್ ತೆರೆದು, ನೋಂದಾಯಿತರ ಪಟ್ಟಿಯಲ್ಲಿ ಆ ನಂಬರ್ ಹುಡುಕಿದಳು. ಸಿಕ್ಕಿತು! ಸರ್ ಹೇಳಿದ ಕಂಪನಿಯದೇ ಹೆಸರು.

"ನೋಡಿದ್ಯಾ?" ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅರ್ಥ ಆಗಲ್ಲ ಅಂದ್ಯಲ್ಲ ನನಗೆ?"

ಮೇಡಂ ಮಾತ್ರ ಮೊಬೈಲನ್ನು ಹತ್ತಿರ ಎಳೆದುಕೊಂಡರು. "ನಂಬರ್ ನಿಜ ಅಮ್ಮ. ಆದರೆ ಅದನ್ನ ಹೇಳ್ತಿರೋ ಮನುಷ್ಯ ಅವರೇನಾ? ಇಲ್ಲಿ ಕಂಪನಿಯ ಫೋನ್ ಇದೆ ನೋಡಿ. ನಿಮ್ಮ ಸರ್ ಫೋನೂ ಇದೂ ಒಂದಲ್ಲ. ಇಲ್ಲಿರೋದಕ್ಕೇ ಮಾಡಿ."

ಅಮ್ಮ ಫೋನ್ ಮಾಡಿದಳು. ಆ ಕಡೆ ಹೆಂಗಸೊಬ್ಬಳ ದಣಿದ ಧ್ವನಿ. "ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಅಮ್ಮ. ನಮ್ಮ ನೋಂದಣಿ ನಂಬರ್ ತೋರಿಸಿ ಯಾರೋ ಮೋಸ ಮಾಡ್ತಿದ್ದಾರೆ. ನಾವೂ ದೂರು ಕೊಟ್ಟಿದ್ದೀವಿ. ದಯವಿಟ್ಟು ಏನೂ ಕಳಿಸಬೇಡಿ."

ಆದರೂ ಅಮ್ಮನ ಮನಸ್ಸು ಒಪ್ಪಲಿಲ್ಲ. ಒಳ್ಳೆಯ ಮಾತಾಡಿದವನನ್ನು ಅಷ್ಟು ಸುಲಭಕ್ಕೆ ಬಿಡುವವಳಲ್ಲ ಅವಳು. "ಒಂದು ವಾರ ಯೋಚನೆ ಮಾಡ್ತೀನಿ ಸರ್," ಎಂದು ಬರೆದಳು. ಉತ್ತರ ತಕ್ಷಣ ಬಂತು. "ಇವತ್ತೇ ಹಾಕದಿದ್ರೆ ಅವಕಾಶ ಹೋಯ್ತು. ನಿಮ್ಮಂಥವರು ಬನ್ನು ಸುಡೋದಕ್ಕೇ ಲಾಯಕ್ಕು."

ಅಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು.

ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡುವುದು ಹೇಗೆಂದು ಮೇಡಂ ಪುಟ್ಟಿಗೆ ಮೆಲ್ಲಗೆ ಹೇಳಿಕೊಟ್ಟರು. ಬ್ರೆಡ್ಡು ತೆಗೆದುಕೊಂಡು, ಅಮ್ಮನ ಭುಜ ಒತ್ತಿ, ಹೊರಟುಹೋದರು. ಕೆಲವು ಅಳು ಹೊರಗಿನವರ ಮುಂದೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ದಿನಾ ಕೇಳ್ತಿದ್ದ ಕಣೇ, ಊಟ ಆಯ್ತಾ ಅಂತ," ಎಂದಳು ಅಮ್ಮ. ಕಣ್ಣೀರು ಒರೆಸಿಕೊಂಡ ಕಡೆಯೆಲ್ಲ ಹಿಟ್ಟು ಮೆತ್ತಿತು. "ನಿನ್ನ ತಪ್ಪಲ್ಲ ಬಿಡು. ನೀನು ಓದೋ ಹುಡುಗಿ. ಆದರೆ ಆ ಮೊಬೈಲೊಳಗೆ ನೀನು ಎಲ್ಲಿಗೋ ಹೋಗ್ತಿದ್ದೀಯ, ಅಲ್ಲಿ ನನಗೆ ಜಾಗ ಇಲ್ಲ ಅನ್ನಿಸ್ತಿತ್ತು. ಅವನು ನನ್ನನ್ನ ಸೇರಿಸಿಕೊಂಡ ಹಾಗೆ ಮಾತಾಡಿದ."

ಹೂಡಿಕೆ, ಅಪಾಯ, ಹಣದುಬ್ಬರ ಎಲ್ಲ ಕಲಿತ ಪುಟ್ಟಿ, ಪಕ್ಕದಲ್ಲೇ ಇದ್ದವಳಿಗೆ ಒಂದು ದಿನವೂ ಒಂದು ಮಾತು ಹೇಳಿರಲಿಲ್ಲ. "ನಾನು ಹಾಗನ್ನಬಾರದಿತ್ತಮ್ಮ," ಎಂದು ಮೂಟೆಯ ಪಕ್ಕ ಕೂತು ಅಮ್ಮನ ಕುತ್ತಿಗೆ ತಬ್ಬಿದಳು. ಅವತ್ತು ಒಂದು ಒಲೆ ಬ್ರೆಡ್ಡು ಪೂರ್ತಿ ಕರಿಯಾಯಿತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಅಂದಿನಿಂದ ಹಿಟ್ಟು ಉಬ್ಬುವ ಹೊತ್ತಿನಲ್ಲಿ ತಾಯಿ ಮಗಳು ಒಂದೇ ಮೊಬೈಲ್ ಮುಂದೆ. ಪುಟ್ಟಿ ಇಯರ್‌ಫೋನ್ ತೆಗೆದಿಟ್ಟಳು. ದೊಡ್ಡ ಬ್ಯಾಂಕಿನವರು ಇಟ್ಟಿರುವ ಬಡ್ಡಿ ಲೆಕ್ಕದ ಪುಟ ತೆರೆದು, ಒಲೆಯ ಹಣ ಬ್ಯಾಂಕಿನಲ್ಲಿದ್ದರೆ ಎಷ್ಟಾಗುತ್ತದೆ ಎಂದು ತೋರಿಸಿದಳು. "ಅಷ್ಟರಲ್ಲಿ ಹಿಟ್ಟಿನ ಬೆಲೆ ಏರಿರಲ್ವೇನೇ?" ಎಂದಳು ಅಮ್ಮ. ಹಣದುಬ್ಬರದ ಪಾಠ ಅಲ್ಲಿಂದಲೇ ಶುರುವಾಯಿತು. ವಿಶ್ವವಿದ್ಯಾಲಯಗಳ ಪುಕ್ಕಟೆ ಉಪನ್ಯಾಸ ಕೇಳಿದರು. ಒಂದು ಕಂಪನಿಯ ವಾರ್ಷಿಕ ವರದಿಯನ್ನು ಷೇರುಪೇಟೆಯ ವೆಬ್‌ಸೈಟಿನಿಂದಲೇ ಇಳಿಸಿಕೊಂಡು ಓದಿದರು, ಅರ್ಧ ತಿಳಿಯಿತು, ಅರ್ಧಕ್ಕೆ ಮೇಡಂ ಬೇಕಾದರು. ಹಣದ ಸಲಹೆಯ ವಿಡಿಯೋ ಕಂಡರೆ ಅಮ್ಮನದು ಮೊದಲು ಒಂದೇ ಪ್ರಶ್ನೆ: "ಇವನಿಗೆ ದುಡ್ಡು ಕೊಟ್ಟು ಹೀಗೆ ಹೇಳಿಸ್ತಿರೋರು ಯಾರು?"

ಸುಳ್ಳು ಹಣದಲ್ಲಿ ಷೇರು ವ್ಯವಹಾರ ಅಭ್ಯಾಸ ಮಾಡುವ ಒಂದು ತಾಣವನ್ನೂ ಮೇಡಂ ತೋರಿಸಿದರು. ಪುಟ್ಟಿ ಮೊದಲ ವಾರವೇ ಗೆದ್ದು ಕುಣಿದಾಡಿದಳು, ಮುಂದಿನ ವಾರ ಎಲ್ಲವನ್ನೂ ಕಳೆದುಕೊಂಡಳು. "ಹೋಗಲಿ ಬಿಡು, ಸುಳ್ಳು ದುಡ್ಡು ತಾನೇ," ಎಂದು ಅಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಒಂದು ದಿನ ಪುಟ್ಟಿ ಪ್ರೀತಿಯಿಂದ ಹೇಳಿದಳು: "ಅಮ್ಮ, ಓದು ಮುಗಿಯಲಿ, ನಿನ್ನ ಹಣದ ಚಿಂತೆ ನನಗೆ ಬಿಡು. ಎಲ್ಲ ನಾನೇ ನೋಡ್ಕೋತೀನಿ."

ಅಮ್ಮ ಮಗಳ ಕೆನ್ನೆ ಸವರಿದಳು. "ಬೇಡ ಕಂದ. ನೋಡ್ಕೋತೀನಿ ಅಂತ ಅವನೂ ಹೇಳಿದ್ದ. ನೀನು ನನಗೆ ಕಲಿಸು. ನಿಧಾನವಾಗಿ ಹೇಳು, ಎರಡು ಸಲ ಹೇಳು, ಆದರೆ ಅರ್ಥ ಆಗಲ್ಲ ಅಂತ ಮಾತ್ರ ಬಿಡಬೇಡ."

ಓದುವ ಮಕ್ಕಳೇ, ಹಣದ ವಿದ್ಯೆ ಇಂದು ನಿಮ್ಮ ಬೆರಳ ತುದಿಯಲ್ಲಿದೆ, ಅದೂ ಪುಕ್ಕಟೆ. ಸರ್ಕಾರಿ ಸಂಸ್ಥೆಗಳ, ಬ್ಯಾಂಕುಗಳ, ವಿಶ್ವವಿದ್ಯಾಲಯಗಳ ವೆಬ್‌ಸೈಟಿನಿಂದ ಶುರುಮಾಡಿ, ದಾರಿ ತಪ್ಪಿದರೆ ನಿಮ್ಮ ಲೈಬ್ರರಿಯಲ್ಲಿ ಕೇಳಿ. ಲಾಭ ಖಾತ್ರಿ ಎನ್ನುವವರನ್ನೂ, ಇವತ್ತೇ ಹಾಕಿ ಎನ್ನುವವರನ್ನೂ ನಂಬಬೇಡಿ. ನೋಂದಣಿ ನಂಬರ್ ಕೊಟ್ಟರೆ ಅದು ಯಾರದೆಂದು ಅಧಿಕೃತ ಪಟ್ಟಿಯಲ್ಲಿ ನೋಡಿ, ಅಲ್ಲಿರುವ ಫೋನಿಗೇ ಕರೆಮಾಡಿ ಕೇಳಿ. ಇಷ್ಟೆಲ್ಲ ಕಲಿತ ಮೇಲೆ ನಿಮ್ಮ ಮನೆಯಲ್ಲಿ ದುಡಿದು ಕೂಡಿಟ್ಟವರ ಪಕ್ಕ ಇವತ್ತು ಸಂಜೆಯೇ ಹೋಗಿ ಕೂತುಕೊಳ್ಳಿ. ನೀವು ಹೇಳಿಕೊಡದಿದ್ದರೆ, ಅವರ ಜೊತೆ ನಯವಾಗಿ ಮಾತಾಡಲು ಬೇರೆ ಯಾರೋ ಕಾಯುತ್ತಿರುತ್ತಾರೆ.