ನಾಲಿಗಿ ಅಡಿಯ ಜೋಳ

ಲೀಲಾನ ತುಟಿ ಮುಚ್ಚ್ಯಾವ, ಯಾರೋ ಸೂಜಿದಾರ ಹಾಕಿ ಹೊಲದಾಂಗ, ಒಳಗ ನಾಲಿಗಿ ಅಡಿ ಜೋಳದ ಕಾಳು ಅದ, ರತ್ನಾಬಾಯಿಗಿ ಗೊತ್ತು, ಮಗಳಿಗಿ ಅದನ್ನ ಇಡಾಕ ಕಲಿಸಿದಾಕೀನ ತಾನು — ಅಯ್ಯ ಶಿವನೇ, ಮಧ್ಯಾಹ್ನದಿಂದ ಗುರುಲಿಂಗಮ್ಮ ಇಲ್ಲ, ಅಣ್ಣನ ಮಗಳು, ಇಷ್ಟುದ್ದ ಪೋರಿ, ಅಕ್ಕಲಕೋಟಿ ಪ್ಯಾಟಿ ಪೂರಾ ಹುಡುಕಿ ಆತು, ಬಾವ್ಯಾಗ ಪಾತಾಳಗರಡಿ ಬಿಟ್ಟೂ ನೋಡ್ಯಾರ, ಅತ್ತಿಗಿ ಉಮಾಬಾಯಿ ಪಡಸಾಲ್ಯಾಗ ಎದಿ ಬಡಕೋತ ಕುಂತಾಳ, ಮಗ್ಗುಲ ಮನಿ ಟ್ರಾನ್ಸಿಸ್ಟರ್ ಮರಾಠಿ ಸುದ್ದಿ ಓದಾಕತ್ತದ, ಬಂದ್ ಮಾಡ್ರಿ ಅದನ್ನ! ಅಣ್ಣ ಸಾತಲಿಂಗಪ್ಪ ಬೆಳಿಗ್ಗಿ ಮಗಳಿಗಿ ಅಂದದ್ದು ಒಂದ ಮಾತು, ನಾಳಿಂದ ಸಾಲಿ ಬಂದ್, ಮನ್ಯಾಗ ಇರು, ಪೋರಿ ಅಳಲಿಲ್ಲ, ಲೀಲಾನ ಕೈ ಹಿಡಕೊಂಡು ಹಿತ್ತಲಕ್ಕ ಹೋತು, ಆಮ್ಯಾಲ ಲೀಲಾ ಒಬ್ಬಾಕೀನ ಬಂದ್ಳು. ಎಲ್ಲ್ಯದಾಳವ್ವ ಗುರು, ಹೇಳ ನನ್ನ ಬಂಗಾರ — ತಲಿ ಅಲ್ಲಾಡಸ್ತಾಳ, ತುಟಿ ಬಿಚ್ಚವಲ್ಲಳು.

ಸೊಲ್ಲಾಪುರದ ಕಾಲೇಜಿನ್ಯಾಗ ಮನಃಶಾಸ್ತ್ರ ಕಲಸೂ ಬಾಯಿ ತಾನು, ಭಾಳ ಶಾಣ್ಯಾಕಿ, ಮಕ್ಕಳಿಗಿ ಕಥಿ ಬರದು ಅದರಾಗ ಆಟಾ ಕಟ್ಟಾಕ ಹೋದ್ಳು — ಕಥ್ಯಾಗ ಹೊಸಾ ಮಂದೀನ ಹುಟ್ಟಸೂದಂದ್ರ ಬಟ್ಟಿಬರಿ ಅಲ್ಲ, ಅವರಿಗಿ ಯಾವುದು ಪಾಪ ಅನ್ನೂದು ಮೊದಲ ಗೊತ್ತಾಗಬೇಕು, ಕೆಲವರಿಗಿ ದಯಾ ದೊಡ್ಡದು, ಕೆಲವರಿಗಿ ನ್ಯಾಯ, ಕೆಲವರಿಗಿ ತಮ್ಮವರು, ನನ್ನ ಕಥಿಯ ಕಾಳಿನ ಕುಲಕ್ಕ ತಮ್ಮವರನ್ನ ಬಿಟ್ಟುಕೊಡೂದ ಪಾಪ, ಸುಳ್ಳು ಪಾಪಲ್ಲ, ತಾಯೀನ ಅಳಸೂದೂ ಪಾಪಲ್ಲ, ನಾಲಿಗಿ ಅಡಿ ಕಾಳು ಇಟ್ಟ ಮ್ಯಾಲ ಹೊರಗಿನವರ ಮುಂದ ಬಾಯಿ ಬಿಡಬಾರದು — ಸಾಲಿ ಸೂಟಿಯಾಗ ತವರಮನ್ಯಾಗ ಹೇಳಿಕೊಟ್ಟಾಗ ಎರಡೂ ಪೋರಿ ಬಿದ್ದುಬಿದ್ದು ನಕ್ಕಿದ್ವು, ತಾನೂ ನಕ್ಕಿದ್ಳು, ದಯಾ ಒಂದೀಟರ ಹಾಕಬೇಕಿತ್ತಲ್ಲ ಹಾಳಾದಾಕಿ, ಚಾದಾಗ ಸಕ್ಕರಿ ಮರತಾಂಗ ಮರತಿ. ಹೊತ್ತು ಮುಣಗ್ತು, ಹಿತ್ತಲದಾಗ ಆಳು ಕಾಮಣ್ಣ ಗುರೂಬಾಯೀ ಅಂತ ಒದರಾಕತ್ತಾನ, ಯಾರೂ ಓ ಅನ್ನವಲ್ರು. ಹೊಡೀಲೇನು ಇಕಿನ್ನ? ಹೊಡದ್ರ ನಾ ಹೊರಗಿನಾಕಿ ಆಗ್ತೀನಿ, ಹೊರಗಿನಾಕಿ — ಅಡಗಿಮನಿಗಿ ಓಡಿದ್ಳು, ಜೋಳದ ಡಬ್ಬಿಗಿ ಕೈ ಹಾಕಿದ್ಳು, ಒಂದು ಕಾಳು ತನ್ನ ನಾಲಿಗಿ ಅಡಿ ಇಟ್ಟು ಮಗಳ ಮುಂದ ಕುಂತು ನಾನೂ ನಿಮ್ಮ ಕುಲದಾಕೀನ ಅನ್ನೂಹಾಂಗ ಬಾಯಿ ತೆರದು ತೋರಿಸಿದ್ಳು, ಅಂಗೈ ಚಾಚಿದ್ಳು. ಲೀಲಾ ನೋಡಿದ್ಳು, ನೋಡಿದ್ಳು, ತೊಯ್ದ ಕಾಳು ಅವ್ವನ ಅಂಗೈಯಾಗ ಉಗುಳಿ ಬಾಯಿ ಬಿಟ್ಳು, ಹಿತ್ತಲದಾಗಿನ ಬಿದ್ದ ಗ್ವಾಡಿ ಹಿಂದಿನ ಹಳೀ ಹಗೇವಿನ್ಯಾಗ ಅವ್ವಾ, ಸಾಲಿಗಿ ಕಳಸೂತನಕಾ ಬರೂದಿಲ್ಲಂತ.

ಹಗೇವು! ನೆಲದಾಗ ತೋಡಿದ ಜೋಳದ ಕಣಜ, ಒಳಗಿನ ಕೆಟ್ಟ ಗಾಳಿಗಿ ಮನಿಷ್ಯಾ ಸಾಯ್ತಾನ, ಅದಕ್ಕ ಯಾರರ ಇಳಿಯೂಕಿಂತ ಮೊದಲ ಕಂದೀಲು ಇಳಸ್ತಾರ, ಆರಿದ್ರ ಮುಗೀತು — ಕಾಮಣ್ಣ ಹಗ್ಗಕ್ಕ ಕಂದೀಲು ಕಟ್ಟಿ ಬಿಡಾಕತ್ತಾನ, ಉರಿ ಸಣ್ಣಾತು, ಇನ್ನೂ ಸಣ್ಣಾತು, ಆರಬ್ಯಾಡ ನಮ್ಮಪ್ಪಾ, ಆರಲಿಲ್ಲ, ಮಣಕಾಲು ಅವಚಿಕೊಂಡು ಕುಂತಾಳ ಪೋರಿ, ಕಣ್ಣು ಮಿಟಕಸ್ತಾಳ, ಜೀವ ಅದ, ಅದ! ಹಂಗಾರ ಇಷ್ಟೊತ್ತು ಎಲ್ಲಾ ಕೇಳ್ಯಾಳ, ಅವ್ವ ಎದಿ ಬಡಕೊಂಡದ್ದು ಕೇಳ್ಯಾಳ, ಅಣ್ಣ ಹಗೇವಿನ ಬಾಯಿ ಮ್ಯಾಲ ಬಿದ್ದು ಅಳಾಕತ್ತಾನ, ಸಾಲಿಗಿ ಹೋಗವ್ವಾ, ನನ್ನಾಣಿ ಕಳಸ್ತೀನಿ, ಓ ಅನ್ನು, ಕಾಮಣ್ಣ ಇಳ್ಯಾಕ ತನ್ನ ನಡಕ್ಕ ಹಗ್ಗ ಬಿಗೀತಾನ, ಕಾಳು ಉಗುಳ ಗುರು, ಆಟಾ ಮುಗೀತವ್ವ, ನಾನ ಕಟ್ಟಿದ್ದು, ನಾನ ಮುರೀತೀನಿ, ಉಗುಳ — ಪೋರಿ ಮ್ಯಾಲ ನೋಡ್ತಾಳ, ಅಪ್ಪನ್ನ ನೋಡ್ತಾಳ, ಅತ್ತೀನ್ನ ನೋಡ್ತಾಳ, ಹೊರಗಿನವರನ್ನ ನೋಡಿದಾಂಗ, ಕಂದೀಲಿನ ಉರಿ ಸಣ್ಣಾಗ್ತದ, ತುಟಿ, ಕಾಳಿನ ಮ್ಯಾಲ ಮುಚ್ಚಿದ ತುಟಿ.