ತಮ್ಮನ ಬೆನ್ನು ನೋಡಿದವರು

"ಇದು ಯಾವಾಗಿಂದ ಇದೆ?"

ಡಾಕ್ಟರಮ್ಮ ಕೇಳಿದ್ದು ನನ್ನ ತಮ್ಮನನ್ನು. ಅವನು ನನ್ನ ಮುಖ ನೋಡಿದ. ಐವತ್ತೆರಡು ವರ್ಷದ ಗಂಡಸು, ಮೂವತ್ತು ವರ್ಷದಿಂದ ಸೂರಿಗೆ ಹಂಚು ಹೊದಿಸುವವನು, ಲೆಕ್ಕ ಬಾರದ ಹುಡುಗನ ಹಾಗೆ ಅಕ್ಕನ ಮುಖ ನೋಡಿದ.

"ಬೆನ್ನಿಗೇನು ಕಣ್ಣಿದೆಯಾ ಡಾಕ್ಟ್ರೇ?" ಎಂದು ನಕ್ಕ. ಅವರು ನಗಲಿಲ್ಲ.

ನನಗೂ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಿಂದ ಅವನು ನನ್ನ ಮನೆಯಲ್ಲೇ ಇದ್ದಾನೆ. ಆದರೆ ಬೆಳೆದ ತಮ್ಮನ ಬೆನ್ನನ್ನು ಯಾವ ಅಕ್ಕ ನೋಡುತ್ತಾಳೆ? ಬಟ್ಟೆ ಒಗೆಯುವಾಗ ಅವನ ಅಂಗಿಯಲ್ಲಿ ಒಂದೇ ಜಾಗದಲ್ಲಿ ಮೂರು ಸಲ ರಕ್ತದ ಕಲೆ ಸಿಕ್ಕಿತು. ಗದರಿಸಿ ಅಂಗಿ ಬಿಚ್ಚಿಸಿದೆ. ಭುಜದ ಕೆಳಗೆ ಕಪ್ಪು ಮಚ್ಚೆ, ಅಂಚೆಲ್ಲ ಸೊಟ್ಟಂಬಟ್ಟ. ಅದೇ ದಿನ ಆಸ್ಪತ್ರೆಗೆ ಎಳೆದುಕೊಂಡು ಬಂದೆ.

ಯಾಕೆಂದರೆ ಹೋದ ವರ್ಷ ನನ್ನ ಮೀನಖಂಡದ ಮೇಲೂ ಒಂದು ಎದ್ದಿತ್ತು. ಕಾಲಿಗೆ ಎಣ್ಣೆ ಹಚ್ಚುವಾಗ ಕಂಡಿತು, ಆ ವಾರವೇ ತೋರಿಸಿದೆ. ಚರ್ಮದ ಕ್ಯಾನ್ಸರ್, ಮೊದಲ ಹಂತ ಎಂದರು; ಕತ್ತರಿಸಿ ತೆಗೆದರು, ಮುಗಿಯಿತು. ಒಡಹುಟ್ಟಿದವರೂ ತೋರಿಸಿಕೊಳ್ಳಲಿ ಎಂದು ಹೇಳಿ ಕಳಿಸಿದ್ದರು. ತಮ್ಮನಿಗೆ ಹೇಳಿದರೆ, "ಮಚ್ಚೆ ಗಿಚ್ಚೆ ನೋಡ್ಕೊಳ್ಳೋದು ಹೆಂಗಸರ ಕೆಲಸ ಕಣಕ್ಕಾ" ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನೂ ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಡಾಕ್ಟರಮ್ಮ ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ಹೆಂಗಸರಿಗೆ ಜಾಸ್ತಿ ಕಾಲಲ್ಲಿ ಬರುತ್ತೆ, ಕಣ್ಣಿಗೆ ಬೀಳುತ್ತೆ, ಬೇಗ ಬರ್ತಾರೆ. ಗಂಡಸರಿಗೆ ಬೆನ್ನಲ್ಲಿ. ಬರೋ ಹೊತ್ತಿಗೆ ತಡ ಆಗಿರುತ್ತೆ. ಯಾವಾಗ ಶುರುವಾಯ್ತು ಅಂತ ಯಾರಿಗಾದ್ರೂ ಗೊತ್ತಿದ್ರೆ ಕೇಳ್ಕೊಂಡು ಬನ್ನಿ."

ಮರುದಿನ, ಈಚೆಗೆ ಬಂದದ್ದು ಎಂದು ಯಾರಾದರೂ ಹೇಳಿಬಿಟ್ಟರೆ ಸಾಕು ಎಂದುಕೊಂಡು, ಹೊಲಿಗೆ ಹಾಕಿಸಿಕೊಂಡವನನ್ನು ಮನೆಯಲ್ಲಿ ಮಲಗಿಸಿ ಅವನ ಕೆಲಸದ ಜಾಗಕ್ಕೆ ಹೋದೆ. ಅಲ್ಲಿ ಏಣಿಯಿಂದ ಸೂರಿನವರೆಗೆ ಗಂಡಸರು ಸಾಲಾಗಿ ಕೂತು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಬಿಸಿಲಿಗೆ ಅಂಗಿ ಬಿಚ್ಚಿಟ್ಟು. ತಮ್ಮನ ಬೆನ್ನ ಹಿಂದೆಯೇ, ಎಡಗೈಯವನೆಂದು ಎಲ್ಲರೂ ಎಡಚ ಎಂದು ಕರೆಯುವವನ ಜಾಗ. ಅವನನ್ನು ಕೆಳಗೆ ಕರೆಸಿ ಮಚ್ಚೆಯ ಮಾತೆತ್ತಿದೆ.

"ಓ, ಅದಾ!" ಎಡಚನ ಮುಖ ಅರಳಿತು. "ನಮಗೆಲ್ಲ ಗೊತ್ತಲ್ಲಕ್ಕಾ. ಸ್ಕೂಲ್ ಕಟ್ಟಡ ಹೊದಿಸ್ತಿದ್ವಲ್ಲ, ಆಗ ಅವನಿಗೆ ಎಳ್ಳು ಅಂತ ಹೆಸರಿಟ್ವಿ. ಆಮೇಲೆ ಮೆಣಸು ಆದ. ಈ ಗೋದಾಮಿನ ಕೆಲಸ ಶುರುವಾದಾಗಿಂದ ಹುಣಸೇಬೀಜ."

ಸ್ಕೂಲ್ ಕಟ್ಟಡ ಎಂದರೆ ಮೂರು ವರ್ಷದ ಹಿಂದಿನ ಮಾತು. ಹಂಚಿನ ಅಟ್ಟಿಯ ಮೇಲೆ ಕೂತುಬಿಟ್ಟೆ. ಆಮೇಲೆ ಮೈಯೆಲ್ಲ ಉರಿದುಹೋಯಿತು.

"ದಿನಾ ನೋಡ್ತಿದ್ರಲ್ಲೋ! ಒಬ್ಬನಿಗಾದ್ರೂ ಹೇಳೋಕೆ ಬಾಯಿರಲಿಲ್ವಾ?"

ಎಡಚ ಪೆಚ್ಚಾದ. ಬೇಕೆಂದು ಮಾಡಿದವನ ಮುಖವಲ್ಲ ಅದು. "ದಿನಾ ಹೇಳ್ತಾನೇ ಇದ್ವಲ್ಲಕ್ಕಾ. ಅದೇ ಹೆಸರಲ್ಲೇ ತಾನೇ ಕರೀತಿದ್ದಿದ್ದು?"

ಮನೆಗೆ ಬಂದಾಗ ತಮ್ಮ ಬೋರಲಾಗಿ ಮಲಗಿದ್ದ. ಏನಂದರು ಎಂದು ಕೇಳಿದ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಾಗಲಿಲ್ಲ. ಹೆಸರುಗಳ ಕಥೆಯನ್ನೆಲ್ಲ ಹೇಳಿದೆ.

ಅವನು ಮುಖವನ್ನು ದಿಂಬಿಗೆ ಒತ್ತಿಕೊಂಡ. "ನಾನು ಕುಳ್ಳ ಇದ್ದೀನಲ್ಲ, ಅದಕ್ಕೇ ಹಾಗೆ ಕರೀತಾರೆ ಅಂದ್ಕೊಂಡಿದ್ದೆ," ಎಂದ. "ಪ್ರೀತಿಗೆ."

"ಪ್ರೀತಿಗೇ ಕಣೋ." ಅದು ನಿಜವೂ ಹೌದು.

ದಿಂಬಿನಿಂದ ಮುಖ ಎತ್ತದೆ ಕೇಳಿದ, "ಅಕ್ಕಾ, ನಿಂದು ತೆಗೆದಾಗ ಎಷ್ಟಿತ್ತು?"

ನಾನು ಅವನ ಬೆನ್ನ ಮೇಲಿನ ಬಿಳಿ ಪಟ್ಟಿಯನ್ನೇ ನೋಡುತ್ತ ಕೂತೆ.

"ಎಳ್ಳಿನಷ್ಟು," ಎಂದೆ.