ತೊಟ್ಟಿಯೊಳಗಿನ ಗರಿ

ಚಟ್ಟಕ್ಕೆ ಕಟ್ಟಿದ್ದ ಹಸಿ ತೆಂಗಿನಗರಿಯನ್ನು ಹಾಲಮ್ಮ ಎರಡೂ ಕೈಯಲ್ಲಿ ಹಿಡಿದು ಎಳೆಯತೊಡಗಿದಳು.

"ಬುಡು ದೊಡ್ಡವ್ವ," ಎಂದ ಭೀಮರಾಜು. ತೀರಿಕೊಂಡ ಸಣ್ಣತಿಮ್ಮಯ್ಯನ ತಮ್ಮನ ಮಗ. ಬೆಳಗಿನಿಂದ ಎಲ್ಲಕ್ಕೂ ಅವನೇ ಓಡಾಡಿದ್ದ.

"ಇದನ್ನ ಎಲ್ಲಿಂದ ತಂದೆ?"

"ತೊಟ್ಟಿ ಒಳಗೆ ಬಿದ್ದಿತ್ತು. ಮರ ಹತ್ತೋರು ಯಾರವ್ರೆ ಈಗ? ಎಳಕೊಂಡು ಬಂದೆ."

"ಬಿದ್ದಿರ್ಲಿಲ್ಲ ಕಣ್ಲಾ. ಕಪ್ಪೆಮರಿ ಹತ್ತಿ ಬರಕ್ಕೆ ನಿಮ್ಮ ದೊಡ್ಡಪ್ಪ ಇಟ್ಟಿದ್ದು. ಬಿಚ್ಚು."

"ಚಟ್ಟಕ್ಕೆ ಹಾಕಿದ್ದು ವಾಪಸ್ ಮನೆಗೆ ಬರಂಗಿಲ್ಲ ಕಣಮ್ಮ," ಎಂದ ಊರ ಹಿರಿಯ ಶಿವಣ್ಣ. ಹೆಂಗಸರ ಕಡೆ ತಿರುಗಿ, "ಪಾಪ, ದುಃಖಕ್ಕೆ ಏನೇನೋ ಆಡ್ತಾವ್ಳೆ. ಒಳಕ್ಕೆ ಕರಕೊಂಡು ಹೋಗ್ರಮ್ಮ," ಎಂದ.

ಗರಿಯ ಸಮೇತ ತಿಮ್ಮಯ್ಯ ಹೊರಟ.

*

ಬೋರ್‌ವೆಲ್ ನೀರು ತುಂಬಲು ಕಟ್ಟಿಸಿದ ಸಿಮೆಂಟು ತೊಟ್ಟಿ ಅದು. ಮುಂಗಾರಿಗೆ ಕಪ್ಪೆಗಳು ಬಂದು ಮೊಟ್ಟೆಯಿಟ್ಟು ಹೋಗುತ್ತಿದ್ದವು. ಗೊದಮೊಟ್ಟೆಗಳಿಗೆ ಕಾಲು ಮೂಡಿದ ಮೇಲೆ ಮರಿಗಳು ನುಣ್ಣನೆ ಗೋಡೆ ಹತ್ತಲಾಗದೆ ಅಲ್ಲೇ ಉಸಿರುಗಟ್ಟಿ ತೇಲುತ್ತಿದ್ದವು. ತಿಮ್ಮಯ್ಯನಿಗೆ ಅದನ್ನು ನೋಡಲಾಗಲಿಲ್ಲ. ಅಂದಿನಿಂದ ಪ್ರತಿವರ್ಷ ಒಂದು ಗರಿ ಇಳಿಬಿಡತೊಡಗಿದ. ಸೊಪ್ಪು ಬೇಯಿಸಿ ಹಾಕುತ್ತಿದ್ದ.

"ನಮಗೆ ಸಾರಿಗೆ ಸೊಪ್ಪಿಲ್ಲ, ಅವಕ್ಕೆ ಬೇಯಿಸಿ ಹಾಕ್ತೀರಲ್ಲ. ದೊಡ್ಡವಾಗಿ ವಟವಟ ಅಂತ ನನ್ನ ನಿದ್ದೆ ಕೆಡಿಸಕ್ಕಾ?" ಎಂದು ಹಾಲಮ್ಮ ಬೈಯುತ್ತಿದ್ದಳು.

"ನಿನ್ನಷ್ಟು ಮಾತಾಡಲ್ಲ ಬುಡು."

ನಿನ್ನೆ ಸಂಜೆಯೂ ಹೊಸ ಗರಿ ಇಟ್ಟು ಬಂದಿದ್ದ. "ಕಾಲು ಮೂಡವೆ ಕಣೇ, ನಾಳೆ ಮೇಲಕ್ಕೆ ಬತ್ತವೆ. ನಾನು ತಿಪಟೂರಿಗೆ ಹೋಗಿರ್ತೀನಿ. ಗರಿ ಯಾರೂ ತೆಗೀದಂಗೆ ನೋಡ್ಕೋ."

"ಹೂಂ, ಅದೊಂದು ಬಾಕಿ ಇತ್ತು ನಂಗೆ," ಎಂದಿದ್ದಳು ಹಾಲಮ್ಮ. ಬೆಳಿಗ್ಗೆ ಅವನು ಏಳಲೇ ಇಲ್ಲ.

*

ಭೀಮರಾಜುವಿನ ಹೆಂಡತಿ ನಯನ ಬಟ್ಟೆಗಂಟು ಎತ್ತಿಕೊಂಡಳು. "ಅತ್ತೆ, ಮಾವನ ಬಟ್ಟೆನೂ ಗುಂಡಿ ತಾವ ಕಳಿಸ್ಬೇಕಂತೆ."

ಹಾಲಮ್ಮ ಗಂಟಿನೊಳಗೆ ಕೈ ಹಾಕಿ, ಅವನು ತೋಟಕ್ಕೆ ಉಡುತ್ತಿದ್ದ ಒರಟು ಪಂಚೆಯನ್ನು ಎಳೆದುಕೊಂಡಳು. ನೆನಪಿಗೆ ಇಟ್ಟುಕೊಳ್ಳುತ್ತಾಳೆಂದುಕೊಂಡ ನಯನಳ ಕಣ್ಣು ತುಂಬಿತು. ಹಾಲಮ್ಮ ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದೇಬಿಟ್ಟಳು.

"ಇವತ್ತು ಆಚೆ ಹೋಗ್ಬಾರ್ದು ಅತ್ತೆ."

"ಆಚೆ ಎಲ್ಲಿ, ತೊಟ್ಟಿ ತಾವ."

ಉಗುರಿನಷ್ಟು ಮರಿಗಳು ಗೋಡೆಗೆ ಕಾಲು ಕೊಟ್ಟು ಜಾರಿ ಜಾರಿ ಬೀಳುತ್ತಿದ್ದವು. ಕೆಲವು ಆಗಲೇ ಸೋತು ತೇಲುತ್ತಿದ್ದವು. ಹಾಲಮ್ಮ ಪಂಚೆಯ ಒಂದು ತುದಿಯನ್ನು ಪೈಪಿಗೆ ಕಟ್ಟಿ ಇನ್ನೊಂದನ್ನು ನೀರಿಗಿಳಿಸಿ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು. ಒಂದೂ ಅತ್ತ ಸುಳಿಯಲಿಲ್ಲ.

"ಬರ್ರೋ," ಎಂದಳು. "ಬೈದೆ ಅಂತ ಕೋಪ ಮಾಡ್ಕಂಡ್ರೇನೋ? ಅವ್ರು ಹೇಳಿ ಹೋಗವ್ರೆ ಕಣ್ರೋ ನಂಗೆ." ಬೆಳಗಿನಿಂದ ಬಾರದ ಅಳು ಆಗ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಸಾಕಾಗುವವರೆಗೆ ಅತ್ತಳು. ಪಕ್ಕದಲ್ಲಿ ಕುಳಿತ ನಯನ ಅವಳ ಬೆನ್ನು ಸವರುತ್ತಿದ್ದಳು.

ಮಣ್ಣು ಮುಗಿಸಿ ಬಂದ ಭೀಮರಾಜು ಕಾಲು ತೊಳೆಯಲು ತೊಟ್ಟಿಗೆ ಬಕೆಟ್ ಅದ್ದಲು ಬಗ್ಗಿದ.

"ನಲ್ಲಿ ತಾವ ಹೋಗ್ರಿ," ಎಂದಳು ನಯನ, ನೀರಿನಿಂದ ಕಣ್ಣು ತೆಗೆಯದೆ.

ಅವನೂ ಬಗ್ಗಿ ನೋಡಿದ. ನೀರು ಹೀರಿದ ಪಂಚೆಯ ಮಡಿಕೆಗಳಲ್ಲಿ ಐದಾರು ಮರಿಗಳು ಅಂಟಿಕೊಂಡಿದ್ದವು. ಒಂದು ಮರಿ ಪೈಪಿನ ಗಂಟಿನ ತನಕ ಬಂದು ಕೂತಿತ್ತು. ಬಾಲ ಇನ್ನೂ ಚೂರು ಉಳಿದಿತ್ತು.

ಅದು ಕಟ್ಟೆಗೆ ನೆಗೆಯಿತು. ಹಾಲಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡು ದಾರಿ ಬಿಟ್ಟಳು.